ಈ ರಾಜ ಯಾರ ತವರಿನವನು?

ಮಹಾಲಯ ಅಮಾವಾಸ್ಯೆ ಹತ್ತಿರವಾದಂತೆ ದಸರೆಗೆ ಮೆಟ್ಟಿಲು ಮೆಟ್ಟಿಲಾಗಿ ಕೂರಿಸುವ ಗೊಂಬೆಗಳ ಟ್ರಂಕು ನಮ್ಮ ಮನೆಯ ಅಟ್ಟದಿಂದ ಇಳಿಯುತ್ತದೆ, ಮನೆಯವರ ಸ್ವರ ಏರುತ್ತದೆ.

ಮದುವೆಯಾಗುವ ಹೆಣ್ಣುಮಗಳಿಗೆ ತವರಿನವರು ರಾಜ-ರಾಣಿಯರ ಒಂದು ಜೋಡಿ ಪಟ್ಟದ ಗೊಂಬೆ ಕೊಡುವ ವಾಡಿಕೆ ಹಳೆ ಮೈಸೂರಿನ ಕಡೆ ಇದೆ. ಈ ಮನೆಗೆ ತಲೆಮಾರುಗಳಿಂದ ಸೊಸೆಯರು ಬರುತ್ತಲೇ ಇದ್ದಾರೆ. ಹಾಗಾಗಿ ರಾಜರೂ ಬೆಳೆಯುತ್ತಲೇ ಇದ್ದಾರೆ. ಎಲ್ಲರೂ ರಕ್ತಚಂದನದವರು, ಎಲ್ಲರೂ ಕಣ್ಣರಳಿಸಿ ಕೈಗಳನ್ನು ಮೈಗಂಟಿಸಿ ನಿಂತವರು. ಇವರಲ್ಲಿ ಅಜ್ಜಿಯ ತವರಿನ ರಾಜ ಯಾರು, ಅಮ್ಮನ ತವರಿನವನು ಯಾರು, ನನ್ನ ಹೆಂಡತಿಯ ತವರಿನವನು ಯಾರು ಎಂಬುದು ತೀರ್ಮಾನವಾಗದೆ ಮೇಲಿನ ಮೆಟ್ಟಿಲಿಗೆ ಯಾರನ್ನೂ ಹತ್ತಿಸುವಂತಿಲ್ಲ. ಒಮ್ಮೆ ಅಜ್ಜಿಯ ರಾಣಿ ದಸರೆ ಪೂರ್ತಿ ಬೇರೆ ತವರಿನ ರಾಜನ ಪಕ್ಕದಲ್ಲಿ ನಿಂತುಬಿಟ್ಟಳೆಂದು ದೊಡ್ಡಮ್ಮ ಈಗಲೂ ಹಣೆ ಚಚ್ಚಿಕೊಳ್ಳುತ್ತಾರೆ.

ಉಡುಪಿನಿಂದ ಗುರುತು ಹಿಡಿಯೋಣವೆಂದರೆ, ಹಳೆಯ ರೇಷ್ಮೆ ಸೀರೆಗಳ ಅಂಚು ಕತ್ತರಿಸಿ ವರ್ಷವರ್ಷವೂ ಹೊಸದು ಹೊಲಿಯುತ್ತಾರೆ. ಆದ್ದರಿಂದ ಇಡೀ ರಾಜಮನೆತನದ ಪೀತಾಂಬರ ಬಿಚ್ಚಿ, ಚಾಪೆಯ ಮೇಲೆ ಬೋರಲು ಮಲಗಿಸಿ, ಭೂತಗನ್ನಡಿ ಹಿಡಿದು ಪರೀಕ್ಷಿಸುವ ಕೆಲಸ ನನ್ನದು. ಈ ಭಂಗಿಯಲ್ಲಿ ನಾನಿರುವಾಗಲೇ ಎದುರು ಮನೆಯವರು ಮೊಸರಿಗೆ ಹೆಪ್ಪು ಕೇಳಲು ಬರುತ್ತಾರೆ.

ರಾಣಿಯರಲ್ಲಿ ಒಬ್ಬಳ ಗುರುತು ಮಾತ್ರ ಖಚಿತ. ಅಜ್ಜಿಯ ರಾಣಿಗೆ ಬೆನ್ನು ಚಪ್ಪಟೆ. ಮಕ್ಕಳು ಬಿದ್ದು ಮೈ ಊದಿಸಿಕೊಂಡು ಬಂದಾಗ ಅಜ್ಜಿ ಟ್ರಂಕು ತೆಗೆದು, ರಾಣಿಯ ಬೆನ್ನನ್ನು ಸಾಣೆಕಲ್ಲಿನ ಮೇಲೆ ತೇಯ್ದು, ಆ ಕೆಂಪು ಗಂಧವನ್ನು ಊತಕ್ಕೆ ಹಚ್ಚುತ್ತಿದ್ದರು. ಸೀಬೆ ಮರದಿಂದ ಬಿದ್ದ ನಮ್ಮ ಮನೆಯ ಸಕಲ ಸಂತಾನವೂ ಅವಳ ಬೆನ್ನನ್ನು ಸವೆಸಿದೆ. ರಾಜನನ್ನೇಕೆ ತೇಯಲಿಲ್ಲ ಎಂದು ಕೇಳಿದರೆ, "ಯಜಮಾನರಿಗೆ ನೋವಾಗುವುದಿಲ್ಲವೇ?" ಎಂದು ಅಜ್ಜಿ ಗಂಭೀರವಾಗಿಯೇ ಹೇಳಿದ್ದರು. ಆ ಪತಿಭಕ್ತಿಯ ಫಲವಾಗಿ ಯಜಮಾನರು ಯಾರೆಂಬುದೇ ಇಂದು ಗೊತ್ತಾಗುತ್ತಿಲ್ಲ.

ಚಿಕ್ಕಪ್ಪನ ದಾರಿ ವೈಜ್ಞಾನಿಕ. ಅಸಲಿ ರಕ್ತಚಂದನ ನೀರಿನಲ್ಲಿ ಮುಳುಗುತ್ತದೆಂದು ಅವರು ರಾಜರನ್ನೆಲ್ಲ ಬಕೆಟ್ಟಿಗೆ ಇಳಿಸಿದರು. ಎಲ್ಲರೂ ಮುಳುಗಿದರು. ಎಲ್ಲರೂ ಅಸಲಿ ಎಂದಾಯಿತು, ಒಬ್ಬನ ಮೀಸೆಯ ಬಣ್ಣವೂ ಹೋಯಿತು. ಈಗ ಮೀಸೆಯಿಲ್ಲದವನನ್ನು ಯಾವ ತವರಿನವರೂ ತಮ್ಮವನೆಂದು ಒಪ್ಪುತ್ತಿಲ್ಲ.

ಬಣ್ಣದ ಮರದ ಗೊಂಬೆಗಳದು ಇನ್ನೊಂದು ರಗಳೆ. ಅರಗಿನ ಹೊಳಪು ಕಂಡ ಕೂಡಲೇ "ಇದು ಚನ್ನಪಟ್ಟಣದ್ದು" ಎನ್ನುವುದು ನಮ್ಮವರ ಅಭಿಮಾನ. ಆದರೆ ಆಂಧ್ರದ ಏಟಿಕೊಪ್ಪಾಕದವರೂ ಅದೇ ಮರವನ್ನು ಕಡೆಯುತ್ತಾರೆ. ನಾವು ಆಲೆ ಮರ ಎನ್ನುವುದನ್ನು ಅವರು ಅಂಕುಡು ಎನ್ನುತ್ತಾರೆ. ತಿರುಗುವ ಮರಕ್ಕೆ ಬಣ್ಣದ ಅರಗನ್ನು ಒತ್ತಿ, ಆ ತಿಕ್ಕಾಟದ ಬಿಸಿಗೇ ಕರಗಿಸಿ ಹಚ್ಚುವ ವಿಧಾನವೂ ಅದೇ. ಬಳ್ಳಾರಿಯಿಂದ ಬಂದ ಅತ್ತಿಗೆಯ ಕುಂಕುಮದ ಭರಣಿ ಎಲ್ಲಿಯದೆಂಬ ಚರ್ಚೆ ರಾಜ್ಯ ಪುನರ್ವಿಂಗಡಣೆಯವರೆಗೆ ಹೋಗಿ, ಊಟಕ್ಕೆ ಕರೆದಾಗ ನಿಂತಿತು.

ಟ್ರಂಕಿನ ತಳದಲ್ಲಿ ಹೊಟ್ಟೆ ನೆಗ್ಗಿದ ಒಂದು ಮಗುವಿನ ಗೊಂಬೆಯಿದೆ. ಅದನ್ನು ಪ್ಲಾಸ್ಟಿಕ್ ಎಂದು ಎಲ್ಲರೂ ಕಡೆಗಣಿಸಿದ್ದರು. ಈ ಸಲ ಭೂತಗನ್ನಡಿ ಅದರ ಬೆನ್ನಿನ ಮೇಲೂ ಹಾಯಿತು. ಅಲ್ಲಿ 'ಮೇಡ್ ಇನ್ ಆಕ್ಯುಪೈಡ್ ಜಪಾನ್' ಎಂದಿತ್ತು. ಎರಡನೆಯ ಮಹಾಯುದ್ಧದಲ್ಲಿ ಸೋತ ಜಪಾನ್ 1952ರವರೆಗೆ ಮಿತ್ರರಾಷ್ಟ್ರಗಳ ಹಿಡಿತದಲ್ಲಿತ್ತು. ಆ ಕಾಲದಲ್ಲಿ ಅಲ್ಲಿಂದ ರಫ್ತಾದ ಬಹಳಷ್ಟು ಸಾಮಾನಿನ ಮೇಲೆ ಈ ಮುದ್ರೆ ಇರುತ್ತಿತ್ತು. ಸಂಗ್ರಹಕಾರರು ಇದಕ್ಕೆ ಮುಗಿಬೀಳುತ್ತಾರೆಂದು ನಾನು ಬಾಯಿಬಿಟ್ಟದ್ದೇ ತಡ, ಮಗುವಿಗೆ ಮೂರು ತವರು ಹುಟ್ಟಿಕೊಂಡವು. ದೊಡ್ಡಮ್ಮನಿಗೆ ಅದನ್ನು ಆಡಿಸಿದ ನೆನಪು ಬಂತು. ತುಮಕೂರಿನ ಅತ್ತೆ ಫೋನಿನಲ್ಲಿ, ಅದರ ಹೊಟ್ಟೆ ನೆಗ್ಗಿಸಿದವರ ಹೆಸರನ್ನೇ ಹೇಳಿದರು.

"ಮೊದಲು ಅದು ಸೆಲ್ಯುಲಾಯ್ಡ್ ಹೌದೋ ಅಲ್ಲವೋ ನೋಡೋಣ" ಎಂದು ಚಿಕ್ಕಪ್ಪ ತೋಳೇರಿಸಿದರು. ಸೆಲ್ಯುಲಾಯ್ಡ್ ಎಂದರೆ ಹಳೆ ಕಾಲದ ಒಂದು ಬಗೆಯ ಪ್ಲಾಸ್ಟಿಕ್, ಅದರ ತಯಾರಿಯಲ್ಲಿ ಕರ್ಪೂರ ಬಳಸುತ್ತಾರೆ. ಗೊಂಬೆಯನ್ನು ಬೆರಳಿನಿಂದ ಚೆನ್ನಾಗಿ ಉಜ್ಜಿದರೆ ಕರ್ಪೂರದ ವಾಸನೆ ಬರಬೇಕು. ಉಜ್ಜಿದರು, ಬಂತು. ಹುಳು ಬೀಳದಿರಲೆಂದು ಅಮ್ಮ ಟ್ರಂಕಿಗೆ ಪ್ರತಿ ವರ್ಷ ಕರ್ಪೂರ ಸುರಿಯುತ್ತಾರಾದ್ದರಿಂದ ಅಂಗಡಿಯ ಶೆಟ್ಟಿ ಗೊಂಬೆಯಿಂದಲೂ ಬಂತು, ಶೆಟ್ಟಮ್ಮನಿಂದಲೂ ಬಂತು, ಅವರ ಮಣ್ಣಿನ ತಕ್ಕಡಿಯಿಂದಲೂ ಬಂತು. ಕೊನೆಗೆ ಚಿಕ್ಕಪ್ಪನ ಅಂಗಿಯೂ ಸೆಲ್ಯುಲಾಯ್ಡ್ ಎಂದೇ ಸಾಬೀತಾಯಿತು.

ಹಾಗಾದರೆ ಕಾಯಿಸಿದ ಸೂಜಿಯೇ ಗತಿ ಎಂದು ಅವರು ದೀಪದ ಕಡೆ ಹೊರಟರು. ಸೆಲ್ಯುಲಾಯ್ಡ್ ಕಿಡಿ ಸೋಕಿದರೆ ಭಗ್ಗೆಂದು ಉರಿಯುತ್ತದೆಂದು ಹೇಳುವಷ್ಟರಲ್ಲಿ ಅಮ್ಮ ಸೂಜಿ ಕಿತ್ತುಕೊಂಡಾಗಿತ್ತು. ಮಗುವನ್ನು ಆರತಿಯಿಂದ ದೂರವಾಗಿ ಕೆಳಗಿನ ಮೆಟ್ಟಿಲಿನ ಮೂಲೆಯಲ್ಲಿ ಕೂರಿಸಿದರು. ಚಿಕ್ಕಪ್ಪನಿಗೂ ಅಲ್ಲಿಯೇ ಒಂದು ಮಣೆ ಹಾಕಿದರು.