ಹಿಂದಿನಿಂದ ಯಾರೋ ತಳ್ಳಿದ ಹಾಗೆ

ನಮ್ಮ ಚಿಕ್ಕಪ್ಪನ ಹತ್ತಿರ ಒಂದು ಲೂನಾ ಇತ್ತು. 1972ರಲ್ಲಿ ಪುಣೆಯ ಕೈನೆಟಿಕ್‌ನವರು ತಂದ ಆ ಗಾಡಿಗೆ 50 ಸಿಸಿ ಎಂಜಿನ್ನೂ ಇತ್ತು, ಸೈಕಲ್ಲಿನ ಹಾಗೆ ಪೆಡಲ್ಲೂ ಇತ್ತು. ಸಮತಟ್ಟು ರಸ್ತೆಯಲ್ಲಿ ಚಿಕ್ಕಪ್ಪ ರಾಜನ ಹಾಗೆ ಕೂತು ಹೋಗುತ್ತಿದ್ದರು. ದಿಬ್ಬ ಬಂತೋ, ಅದರಲ್ಲೂ ಹಿಂದೆ ಚಿಕ್ಕಮ್ಮ ಕೂತಿದ್ದರೋ, ಎಂಜಿನ್ ಗೊರಗೊರ ಅನ್ನುತ್ತಿತ್ತು, ಇವರು ಮುಂದಕ್ಕೆ ಬಾಗಿ ಪೆಡಲ್ ತುಳಿಯುತ್ತಿದ್ದರು. ಎಂಜಿನ್ನಿಗೆ ಮನುಷ್ಯನೇ ಕೈ, ಅಲ್ಲ ಕಾಲು, ಕೊಡಬೇಕಿದ್ದ ಕಾಲ.

ಈಗ ನಾನು ಸೈಕಲ್ಲಿಗೆ ಬ್ಯಾಟರಿಯಲ್ಲಿ ಓಡೋ ಮೋಟಾರ್ ಕಿಟ್ ಹಾಕಿಸಿಕೊಂಡಿದ್ದೇನೆ. ಲೆಕ್ಕ ಉಲ್ಟಾ ಆಗಿದೆ.

ಮೊದಲು ಆಸೆ ಇದ್ದದ್ದು ಅಪ್ಪನ ಹಳೇ ಕರಿ ಸೈಕಲ್ಲಿಗೆ ಹಾಕಿಸಬೇಕು ಅಂತ. ಸೈಕಲ್ ಶಾಪಿನವನು ಬಗ್ಗಿ ಎಣಿಸಿದ. ಮುಂದಿನ ರಿಮ್ಮಿಗೆ ಕಡ್ಡಿ ಸಿಕ್ಕಿಸೋ ತೂತು 32, ಹಿಂದಿನದಕ್ಕೆ 40, ಚಕ್ರದ ನಡುವೆ ಕೂರಿಸೋಕೆ ನಾನು ತಂದ ಮೋಟಾರಿಗೆ 36. "ಯಾವ ಕಡೆ ಹಾಕಿದ್ರೂ ಜಗಳಾನೇ ಸಾರ್" ಅಂದ. ಬ್ರೇಕ್ ಹಿಡಿದ ಕೂಡಲೇ ಮೋಟಾರ್ ನಿಲ್ಲಿಸುವ ಲಿವರ್ ಬೇರೆ ಕಿಟ್‌ನಲ್ಲಿ ಬರುತ್ತೆ, ಅದು ವೈರ್ ಬ್ರೇಕಿಗೆ ಮಾತ್ರ, ಅಪ್ಪನ ಸೈಕಲ್ಲಿಗಿರೋದು ಕಂಬಿ ಬ್ರೇಕು. ಕೊನೆಗೆ ಮಗ ಕೊಡಿಸಿಕೊಂಡು ಮರೆತ, ಎರಡು ವರ್ಷದಿಂದ ಟವೆಲ್ ಒಣಹಾಕೋದಕ್ಕೆ ಬಳಸುತ್ತಿದ್ದ ಗೇರ್ ಸೈಕಲ್ಲಿಗೆ ಈ ಯೋಗ ಬಂತು.

ದಿನಾ ಅಭ್ಯಾಸ ಇಲ್ಲದ ನನ್ನಂಥವನ ಕಾಲು ಸಲೀಸಾಗಿ ಕೊಡೋದು 75ರಿಂದ 100 ವಾಟ್. ಚಕ್ರದ ನಡುವೆ ಕೂತಿರೋ ಈ ಸಣ್ಣ ಡಬ್ಬಿಯದ್ದು 250. ಅಂದರೆ ದಿಬ್ಬದ ಮೇಲೆ ನಾನು ಬೆವರು ಒರೆಸಿಕೊಂಡು ದೊಡ್ಡದಾಗಿ ಉಸಿರು ಬಿಡೋದೆಲ್ಲ ಹೆಚ್ಚುಕಮ್ಮಿ ನಾಟಕವೇ, ಮದುವೆ ಮನೆಯಲ್ಲಿ ಹಂಡೆಗೆ ಒಂದು ಬೆರಳು ತಾಗಿಸಿ ತಾನೂ ಹೊತ್ತೆ ಅನ್ನುವವರ ಹಾಗೆ. ಆದರೂ ಪೆಡಲ್ ತುಳಿಯುತ್ತಿರುತ್ತೇವಲ್ಲ, ಅಷ್ಟು ಮರ್ಯಾದೆ ಉಳಿಯುತ್ತೆ.

1993ರಲ್ಲಿ ಜಪಾನಿನ ಯಮಹಾ ಇಂಥದ್ದನ್ನು ಮಾರಾಟಕ್ಕೆ ತಂದಾಗ, ಕಾಲು ಎಷ್ಟು ಜೋರಾಗಿ ಒತ್ತುತ್ತಿದೆ ಅಂತ ಅಳೆದು ಅದಕ್ಕೆ ತಕ್ಕ ಹಾಗೆ ಮೋಟಾರ್ ಜೊತೆಗೂಡುವಂತೆ ಮಾಡಿತ್ತು. ನನ್ನ ಅಗ್ಗದ ಕಿಟ್ಟಿಗೆ ಅಷ್ಟು ಸೂಕ್ಷ್ಮ ಇಲ್ಲ. ಪೆಡಲ್ ಹತ್ತಿರ ಸಣ್ಣ ಆಯಸ್ಕಾಂತಗಳಿರೋ ಒಂದು ಬಳೆ, ಅದು ತಿರುಗಿದರೆ ಸಾಕು, ಒತ್ತಿದೆಯೋ ಸುಮ್ನೆ ಆಡಿಸಿದೆಯೋ ಕೇಳೋದಿಲ್ಲ. ಅರ್ಧ ಸುತ್ತು ತುಳಿದ ಮೇಲೆ ನಿದ್ದೆಯಿಂದ ಎದ್ದವನ ಹಾಗೆ ತಳ್ಳುತ್ತೆ. ಸೈಕಲ್ ಕಲಿಯುವಾಗ ಅಣ್ಣ ಸೀಟು ಹಿಡಿದು ಓಡಿ ಬರುತ್ತಿದ್ದನಲ್ಲ, ಅದೇ ತಳ್ಳು. ಹಂಪ್ ಮುಂದೆ ಕಾಲು ನಿಲ್ಲಿಸಿದರೂ ಇನ್ನೊಂಚೂರು ತಳ್ಳಿಯೇ ಬಿಡುತ್ತೆ. ಅಣ್ಣನೂ ಹಾಗೇ ಮಾಡುತ್ತಿದ್ದ.

ಸಿಗ್ನಲ್‌ನಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ, "ಎಷ್ಟು ಕೊಡುತ್ತೆ?" 36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿ, ಪೂರ್ತಿ ಚಾರ್ಜಿಗೆ ಅರ್ಧ ಯೂನಿಟ್ ಕರೆಂಟೂ ಬೇಡ, ತುಳಿದುಕೊಂಡು ಹೋದರೆ 30 ಕಿಲೋಮೀಟರ್ ಅಂತೀನಿ. ನಂಬೋದಿಲ್ಲ. ಲೈಸೆನ್ಸ್ ಬೇಡ್ವಾ ಅಂತಾರೆ. ಮೋಟಾರು 250 ವಾಟ್ ಮೀರದೆ, ವೇಗ 25 ಕಿಲೋಮೀಟರ್ ದಾಟದೆ ಇದ್ದರೆ ಬೇಡ ಅಂದರೆ, ಅಷ್ಟು ನಿಧಾನಕ್ಕೆ ಯಾಕೆ ಇದು ಅಂತ ಮುಖ ತಿರುಗಿಸುತ್ತಾರೆ. ಅವರ ಬೈಕು ಆ ಹೊತ್ತಿಗೆ ಹತ್ತು ನಿಮಿಷದಿಂದ ಅಲ್ಲೇ ನಿಂತಿರುತ್ತೆ, ಬಿಡಿ.

ಮೊನ್ನೆ ಚಿಕ್ಕಪ್ಪ ಬಂದಿದ್ದರು. ಎಪ್ಪತ್ತೆಂಟು ವಯಸ್ಸು, ಬೇಡ ಅಂದರೂ ಕೇಳದೆ ಹತ್ತಿದರು. "ಚೋಕ್ ಎಲ್ಲೋ?" ಅಂತ ಒಮ್ಮೆ ಹುಡುಕಿದರು. ಆಮೇಲೆ ಹೊರಟರು. ಮನೆ ಮುಂದಿನ ದಿಬ್ಬದಲ್ಲಿ ಮೋಟಾರ್ ತಾನೇ ಎಳೆಯುತ್ತಿದೆ, ಕಾಲು ಆಡಿಸಿದರೆ ಸಾಕು, ಇವರು ಮಾತ್ರ ಹ್ಯಾಂಡಲ್ ಮೇಲೆ ಪೂರ್ತಿ ಬಾಗಿ, ಹಿಂದೆ ಚಿಕ್ಕಮ್ಮ ಕೂತಿದ್ದಾರೇನೋ ಅನ್ನೋ ಹಾಗೆ ತುಳೀತಿದ್ದರು.