ಅದು ಬರೀ ಹೊಗೆ ಆಗಿರಲಿಲ್ಲ

2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಏಯಾಫ್ಯಾಟ್ಲಾಯೋಕುಲ್ ಜ್ವಾಲಾಮುಖಿ ಸಿಡಿದಾಗ ‘ಹೊಗೆಗೆ ಹೆದರಿ’ ವಿಮಾನ ನಿಲ್ಲಿಸಿದರು ಅಂತ ಆ ದಿನಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನದಲ್ಲಿದೆ. ಹೊಗೆ ಅಲ್ಲ, ಅದು ಬೂದಿ. ಕಲ್ಲು, ಗಾಜಿನ ನುಣ್ಣನೆ ಪುಡಿ. ಎಂಜಿನ್ನಿನ ಬಿಸಿಗೆ ಕರಗಿ ಒಳಗೇ ಅಂಟಿಕೊಳ್ಳುತ್ತದೆ. 1982ರಲ್ಲಿ ಇಂಡೋನೇಷ್ಯಾದ ಮೇಲೆ ಒಂದು ಜಂಬೋ ವಿಮಾನದ ನಾಲ್ಕೂ ಎಂಜಿನ್ ಹೀಗೇ ನಿಂತುಹೋಗಿದ್ದವು. ಹಾಗಾಗಿ ನಿಲ್ಲಿಸಿದ್ದು ಸರಿಯೇ.

ನಾನಾಗ ಇಂಗ್ಲೆಂಡಿನಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಈಸ್ಟರ್ ರಜೆಗೆ ಹಾಸನಕ್ಕೆ ಬಂದಿದ್ದೆ. ಹೊರಡುವ ಹಿಂದಿನ ದಿನವೇ ಬ್ರಿಟನ್ನಿನ ಆಕಾಶ ಮುಚ್ಚಿತು. ಅಮ್ಮ ನೀಲಿ ಹಗ್ಗ ಬಿಗಿದು ಕಟ್ಟಿದ್ದ ಸೂಟ್‌ಕೇಸ್ ವಾರವಿಡೀ ಹಜಾರದಲ್ಲೇ ಇತ್ತು. ದಿನಾ ಫೋನ್ ಮಾಡಿದರೂ ಟಿಕೆಟ್ ಕಂಪನಿಯವರು ಎತ್ತಲಿಲ್ಲ. ಎರಡು ಲ್ಯಾಬ್ ತಪ್ಪಿದವು.

ಆದರೂ ನಾನು ಮನೆಯಲ್ಲಿದ್ದೆ, ಅಮ್ಮನ ಕೈ ಊಟ ಇತ್ತು. ನನ್ನ ಕ್ಲಾಸಿನ ಹುಡುಗಿ ಜರ್ಮನಿಯಲ್ಲಿ ವಿಮಾನ ಬದಲಿಸುವಾಗ ಸಿಕ್ಕಿಬಿದ್ದಳು. ಷೆಂಗೆನ್ ವೀಸಾ (ಜರ್ಮನಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ; ಬ್ರಿಟನ್ ಅದರಲ್ಲಿಲ್ಲ) ಇಲ್ಲದ ಭಾರತೀಯರು ನಿಲ್ದಾಣ ಬಿಟ್ಟು ಹೊರಗೆ ಹೋಗುವಂತಿಲ್ಲ. ಬೇರೆಯವರು ಹೋಟೆಲಿಗೋ ರೈಲಿಗೋ ಹೋದರೆ ಇವಳು ನಾಲ್ಕು ರಾತ್ರಿ ಮಡಚುವ ಮಂಚದ ಮೇಲೆ ಮಲಗಿದಳು. ಥೈರಾಯ್ಡ್ ಮಾತ್ರೆ ಚೆಕ್-ಇನ್ ಬ್ಯಾಗಿನಲ್ಲಿ ಉಳಿದಿತ್ತು. ಅಲ್ಲಿದ್ದ ಒಬ್ಬ ತಮಿಳು ಅಜ್ಜಿ ತಮ್ಮ ಬಿಸ್ಕತ್ತು, ಹೊದಿಕೆ ಎರಡನ್ನೂ ಹಂಚಿಕೊಂಡರಂತೆ.

ಲೇಖನದಲ್ಲಿ ಪ್ರವಾಸಿಗರ ಕಷ್ಟವೇ ಜಾಸ್ತಿ ಇದೆ, ಇಂಥವರ ಬಗ್ಗೆ ಒಂದು ಸಾಲೂ ಇಲ್ಲ. ದಯವಿಟ್ಟು ಅದನ್ನೂ ಬರೆಯಿರಿ. ಈ ವರ್ಷ ಮಕ್ಕಳನ್ನು ಕಳಿಸುತ್ತಿರುವವರು ಮಾತ್ರೆ, ಕಾಲೇಜಿನ ಪತ್ರ, ಒಂದು ಜೊತೆ ಬಟ್ಟೆ ಇಷ್ಟನ್ನಾದರೂ ಕೈಚೀಲದಲ್ಲೇ ಇಟ್ಟು ಕಳಿಸಿ.