ಕೂತು ಕೆಟ್ಟ ಜನರೇಟರ್

ಅಮೆರಿಕದಲ್ಲಿ ಮೋಟಾರ್‌ಹೋಮ್ ಎಂಬ ಚಕ್ರದ ಮೇಲಿನ ಮನೆ ಕೊಂಡವರು ನೆಂಟರಿಗೆ ಮೊದಲು ತೋರಿಸುವುದು ಅಡುಗೆಮನೆ, ಆಮೇಲೆ ಮಂಚ, ಆಮೇಲೆ ಬಚ್ಚಲು. ಜನರೇಟರನ್ನು ಯಾರೂ ತೋರಿಸುವುದಿಲ್ಲ. ಗಾಡಿಯ ಮೂತಿಯೊಳಗೆ ಜಾರುವ ತಟ್ಟೆಯ ಮೇಲೋ, ಪಕ್ಕದ ಕಬ್ಬಿಣದ ಗೂಡಿನಲ್ಲೋ ಅದು ಹಿಂದಿನ ಕೋಣೆಯ ಅಜ್ಜನ ಹಾಗೆ ಸುಮ್ಮನೆ ಬಿದ್ದಿರುತ್ತದೆ. ಊರಿಂದ ಬಂದ ಅತ್ತೆ ಮಾವನನ್ನು ಹತ್ತಿಸಿಕೊಂಡು ಜೂನ್ ತಿಂಗಳಲ್ಲಿ ಅರಿಜೋನಾದ ಮರುಭೂಮಿ ದಾಟುವಾಗ ಎಸಿ ನಿಂತು, ಅನ್ನದ ಕುಕ್ಕರಿನ ದೀಪ ಆರಿ, ಮಾವ ಮೆಲ್ಲಗೆ "ಏನ್ರೀ ಅಳಿಯಂದಿರೇ, ಇಲ್ಲೂ ಕರೆಂಟ್ ಹೋಗುತ್ತಾ?" ಎಂದಾಗಲೇ ಅಜ್ಜನ ನೆನಪಾಗುವುದು.

ಹೀಗೆ ನಿಂತಾಗ ಪಾನಾ ಡಬ್ಬಿ ತೆಗೆಯುವ ಮುಂಚೆ ಡೀಸೆಲ್ ಮುಳ್ಳು ನೋಡಬೇಕು. ಗಾಡಿಗೂ ಜನರೇಟರಿಗೂ ಟ್ಯಾಂಕ್ ಒಂದೇ, ಆದರೆ ಜನರೇಟರಿನ ಕೊಳವೆ ಟ್ಯಾಂಕಿನ ತಳ ಮುಟ್ಟುವುದಿಲ್ಲ. ಸುಮಾರು ಕಾಲು ಟ್ಯಾಂಕ್ ಉಳಿದಾಗ ಅದಕ್ಕೆ ಡೀಸೆಲ್ ಸಿಗುವುದು ನಿಲ್ಲುತ್ತದೆ. ರಾತ್ರಿಯಿಡೀ ಎಸಿ ಹಾಕಿಕೊಂಡು ಮಲಗಿದವರು ಬೆಳಿಗ್ಗೆ ಬಂಕಿನವರೆಗಾದರೂ ಹೋಗಲಿ ಎಂದು ಕಟ್ಟಿದವರೇ ಮಾಡಿಟ್ಟ ಏರ್ಪಾಡು. ಇದು ಗೊತ್ತಿಲ್ಲದೆ ಫಿಲ್ಟರ್ ಬದಲಿಸಿ, ಪಂಪ್ ಬದಲಿಸಿ, ಕೊನೆಗೆ ಹೆಂಡತಿಯ ಮೇಲೆ ರೇಗಿದವರಿದ್ದಾರೆ. ಏರು ರಸ್ತೆಯಲ್ಲಿ ಗಾಡಿ ವಾಲಿದಾಗ ಮುಳ್ಳು ಕಾಲಿಗಿಂತ ಮೇಲಿದ್ದರೂ ಕೊಳವೆಯ ಬಾಯಿ ಗಾಳಿಗೆ ತೆರೆದುಕೊಳ್ಳಬಹುದು. ಬೇಸಿಗೆಯಲ್ಲಿ ಅರ್ಧಕ್ಕೆ ಇಳಿದೊಡನೆ ತುಂಬಿಸುವುದು ಒಳ್ಳೆಯದು.

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎನ್ನುತ್ತಾರೆ. ಜನರೇಟರ್ ಉಣ್ಣದೆಯೇ ಕೂತರೂ ಹೊನ್ನು ಕರಗುತ್ತದೆ. ದುಡಿದು ಸತ್ತ ಜನರೇಟರಿಗಿಂತ ಕೂತು ಕೆಟ್ಟವೇ ಹೆಚ್ಚು. ನಿಂತ ಡೀಸೆಲ್‌ನಲ್ಲಿ ಅಂಟು ಕಟ್ಟುತ್ತದೆ. ಟ್ಯಾಂಕಿನ ಖಾಲಿ ಜಾಗದಲ್ಲಿ ತೇವ ನೀರಾಗಿ ತಳ ಸೇರುತ್ತದೆ, ಆ ನೀರಿಗೂ ಡೀಸೆಲ್‌ಗೂ ನಡುವಿನ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಸಂಸಾರ ಹೂಡಿ ಕಪ್ಪು ಲೋಳೆ ಮಾಡುತ್ತವೆ. ಆಲ್ಟರ್ನೇಟರಿನ, ಅಂದರೆ ಕರೆಂಟ್ ಹುಟ್ಟಿಸುವ ಭಾಗದ, ಉಂಗುರಗಳ ಮೇಲೆ ಕಿಲುಬು ಕೂರುತ್ತದೆ. ಇದಕ್ಕೆಲ್ಲ ಮದ್ದು ಒಂದೇ: ತಿಂಗಳಿಗೊಮ್ಮೆ ಎರಡು ಗಂಟೆ ಓಡಿಸುವುದು, ಅದೂ ಅರ್ಧ ಲೋಡಿನಲ್ಲಿ.

ಆ 'ಅರ್ಧ ಲೋಡ್' ಎಂಬ ಮಾತನ್ನು ನಮ್ಮವರು ಉಪ್ಪಿನಕಾಯಿಯ ಹಾಗೆ ಬದಿಗೆ ಇಡುತ್ತಾರೆ. ಶನಿವಾರ ಬೆಳಿಗ್ಗೆ ಸ್ಟಾರ್ಟ್ ಮಾಡಿ, ಒಂದು ಬಲ್ಬು ಹಾಕಿ, ಫೋನು ಚಾರ್ಜಿಗೆ ಇಟ್ಟು, ವ್ಯಾಯಾಮ ಆಯಿತು ಎಂದು ಒಳಗೆ ಹೋಗುತ್ತಾರೆ. ಹಗುರ ಲೋಡಿನಲ್ಲಿ ಸಿಲಿಂಡರ್ ಸಾಕಷ್ಟು ಕಾಯುವುದಿಲ್ಲ, ಅರೆಬೆಂದ ಡೀಸೆಲ್ ಮಸಿಯಾಗಿ ಸೈಲೆನ್ಸರಿನಲ್ಲೂ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಮೂತಿಯಲ್ಲೂ ಕೂರುತ್ತದೆ, ಕೊನೆಗೆ ಹೊಗೆ ಕೊಳವೆಯಿಂದ ಕಪ್ಪು ಜಿಡ್ಡು ತೊಟ್ಟಿಕ್ಕುತ್ತದೆ. 8 ಕಿಲೋವಾಟಿನ ಜನರೇಟರಿಗೆ ಅರ್ಧ ಲೋಡ್ ಎಂದರೆ 4 ಕಿಲೋವಾಟ್. ಚಾವಣಿಯ ಎಸಿ ಒಂದು ಸುಮಾರು 1,500 ವಾಟ್ ಎಳೆಯುತ್ತದೆ, ಎರಡಾದರೆ 3,000. ಮೇಲೆ 1,400 ವಾಟಿನ ಬಿಸಿನೀರಿನ ಕಾಯಿಲ್ ಸೇರಿಸಿದರೆ ಲೆಕ್ಕ ಸರಿಹೋಯಿತು. ಚಳಿಗಾಲದಲ್ಲಿ ಎಸಿ ಹಾಕುವಂತಿಲ್ಲವೆಂದರೆ 1,500 ವಾಟಿನ ಎರಡು ಹೀಟರ್ ಹಚ್ಚಬೇಕು, ಬೇರೆ ಬೇರೆ ಸರ್ಕ್ಯೂಟಿನ ಪ್ಲಗ್ಗಿಗೆ. 700 ವಾಟಿನ ರೈಸ್ ಕುಕ್ಕರ್ ಒಂದನ್ನೇ ಹಚ್ಚಿ ವ್ಯಾಯಾಮ ಮಾಡಿಸುವುದೆಂದರೆ ಆನೆಯ ಮೇಲೆ ಕೊತ್ತಂಬರಿ ಕಟ್ಟು ಹೇರಿದ ಹಾಗೆ.

ಇನ್ನು ಕೆಟ್ಟಾಗಿನ ಮಾತು. ಸೆಲ್ಫ್ ಹೊಡೆದಾಗ ಇಂಜಿನ್ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಈ ಘಳಿಗೆಯಲ್ಲಿ ಒಬ್ಬರು ಒಳಗೆ ಬಟನ್ ಒತ್ತಬೇಕು, ಇನ್ನೊಬ್ಬರು ಹೊರಗೆ ಹೊಗೆ ಕೊಳವೆ ನೋಡಬೇಕು. ಹೊಗೆಯೇ ಇಲ್ಲವೆಂದರೆ ಡೀಸೆಲ್ ಸಿಲಿಂಡರಿಗೆ ತಲುಪಿಲ್ಲ. ಬಿಳಿ ಹೊಗೆ ಬಂದರೆ ತಲುಪಿದೆ, ಉರಿಯುತ್ತಿಲ್ಲ. ಸಿಲಿಂಡರನ್ನು ಮೊದಲೇ ಕಾಯಿಸುವ ಗ್ಲೋ ಪ್ಲಗ್ ಕಡೆ ನೋಡಿ. ಓಡುವಾಗ ಕಪ್ಪು ಹೊಗೆಯಾದರೆ ಗಾಳಿ ಸಾಲದು, ಇಲ್ಲವೇ ಲೋಡು ಅತಿಯಾಯಿತು. ನೀಲಿ ಎಂದರೆ ಆಯಿಲ್ ಉರಿಯುತ್ತಿದೆ, ಆಗ ಪಾನಾ ಕೆಳಗಿಟ್ಟು ಜೇಬು ಮುಟ್ಟಿ ನೋಡಿಕೊಳ್ಳಿ. ಸೆಲ್ಫನ್ನು ಒಂದು ಸಲಕ್ಕೆ ಇಪ್ಪತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬಾರದು, ನಡುವೆ ಎರಡು ನಿಮಿಷ ಬಿಡಬೇಕು. ಸ್ಟಾರ್ಟರ್ ಸುಟ್ಟರೆ ಡೀಸೆಲ್ ಸಮಸ್ಯೆ ಮರೆತೇಹೋಗುತ್ತದೆ ಎನ್ನುವುದು ನಿಜ, ಆದರೆ ಅದು ದುಬಾರಿ ಮರೆವು. ಸ್ಪ್ರೇ ಡಬ್ಬಿಯ ಈಥರ್ ಮಾತ್ರ ಹೊಡೆಯಲೇಬೇಡಿ. ಗ್ಲೋ ಪ್ಲಗ್ ಕೆಂಪಗೆ ಕಾದಿರುವಾಗ ಈಥರ್ ಒಳಗೆ ಹೋದರೆ ಸ್ಫೋಟವೇ ಆಗುತ್ತದೆ, ಪಿಸ್ಟನ್ ಉಳಿಯುವುದಿಲ್ಲ.

ಹೊಗೆ ಇಲ್ಲದ ಕಾಯಿಲೆಯಲ್ಲಿ ಹೆಚ್ಚಿನ ಸಲ ರೋಗ ಒಂದೇ: ಏರ್ ಹಿಡಿದಿದೆ, ಅಂದರೆ ಡೀಸೆಲ್ ಕೊಳವೆಯಲ್ಲಿ ಗಾಳಿ ಸೇರಿದೆ. ನಮ್ಮೂರಿನ ಹಳೇ ಡೀಸೆಲ್ ಪಂಪ್‌ಸೆಟ್ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಹೊಸಬರು ಮಾತ್ರ ಕೊಳವೆಯಲ್ಲಿ ಎಲ್ಲೂ ಡೀಸೆಲ್ ಸೋರುತ್ತಿಲ್ಲ, ಅಂದಮೇಲೆ ತೂತಿಲ್ಲ ಎಂದು ವಾದಿಸುತ್ತಾರೆ. ಟ್ಯಾಂಕಿನಿಂದ ಪಂಪಿನವರೆಗಿನ ಭಾಗ ಹೀರುವ ಭಾಗ. ಅಲ್ಲಿ ತೂತಿದ್ದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹತ್ತು ವರ್ಷ ದಾಟಿದ ರಬ್ಬರ್ ಹೋಸಿನಲ್ಲಿ ಕ್ಲಿಪ್ಪಿನ ಕೆಳಗೆ, ಟ್ಯಾಂಕಿನ ತಲೆಯ ಬಾಗುವಿನಲ್ಲಿ, ಕೂದಲಿನಷ್ಟು ಬಿರುಕಿದ್ದರೂ ಸಾಕು. ಅದು ನಿಖರವಾಗಿ ಕೈ ಹೋಗದ ಜಾಗದಲ್ಲೇ ಇರುತ್ತದೆ.

ಜಗಳ ತೀರಿಸುವ ಉಪಾಯವೊಂದಿದೆ. ಐದು ಗ್ಯಾಲನ್ ಕ್ಯಾನಿನಲ್ಲಿ ಶುದ್ಧ ಡೀಸೆಲ್ ತುಂಬಿ, ಪಾರದರ್ಶಕ ಪೈಪಿನ ಒಂದು ತುದಿಯನ್ನು ಅದರಲ್ಲಿ ಮುಳುಗಿಸಿ, ಇನ್ನೊಂದನ್ನು ಜನರೇಟರಿನ ಇನ್‌ಲೆಟ್‌ಗೆ ಕ್ಲಿಪ್ ಹಾಕಿ ಬಿಗಿಯಿರಿ. ಡೀಸೆಲ್ ವಾಪಸು ಬರುವ ರಿಟರ್ನ್ ಪೈಪನ್ನೂ ಕ್ಯಾನಿಗೇ ಬಿಡಿ. ಈಗ ಚೆನ್ನಾಗಿ ಓಡಿದರೆ ಜನರೇಟರ್ ನಿರಪರಾಧಿ, ತಪ್ಪು ಟ್ಯಾಂಕಿನ ಕಡೆಯದು. ಓಡದಿದ್ದರೆ ಪಂಪಿನ ಹೊರಹೋಗುವ ಪೈಪ್ ಬಿಚ್ಚಿ ಬಾಟಲಿಯೊಳಗೆ ಬಿಟ್ಟು ಪಂಪ್ ಓಡಿಸಿ: ಧಾರೆ ಎಡೆಬಿಡದೆ ಬರಬೇಕು, ಹಸು ಒದೆಯುವ ಮುಂಚಿನ ಹಾಲಿನ ಹಾಗೆ. ತಡೆತಡೆದು ಬಂದರೆ ಪಂಪೋ, ಅದಕ್ಕೆ ಕರೆಂಟ್ ಕೊಡುವ ರಿಲೇಯೋ, ನಡುವಿನ ಫಿಲ್ಟರೋ.

ಮೋಟಾರ್‌ಹೋಮುಗಳಲ್ಲಿ ಹೆಚ್ಚಾಗಿ ಕಾಣುವುದು ಓನಾನ್ ಜನರೇಟರು. ಡೇವಿಡ್ ಓನಾನ್ 1920ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಶುರುಮಾಡಿದ ಕಂಪನಿ, ಈಗ ಇಂಜಿನ್ ಮಾಡುವ ಕಮಿನ್ಸ್‌ನ ಕೈಯಲ್ಲಿದೆ. ಇವರ ಡೀಸೆಲ್ ಜನರೇಟರಿನಲ್ಲಿ ಏರ್ ತೆಗೆಯಬೇಕಾದರೆ ಸ್ಟಾರ್ಟ್ ಅಲ್ಲ, ಸ್ಟಾಪ್ ಬಟನ್ ಒತ್ತಿ ಹಿಡಿಯಬೇಕು. ಹೌದು, ಸ್ಟಾಪ್. ಮೂರ್ನಾಲ್ಕು ಸೆಕೆಂಡ್ ಹಿಡಿದರೆ ದೀಪ ಹತ್ತಿ ಡೀಸೆಲ್ ಪಂಪ್ ಟಿಕ್‌ಟಿಕ್ ಎನ್ನತೊಡಗುತ್ತದೆ. ಫಿಲ್ಟರ್ ಬದಲಿಸಿದ ಮೇಲೆ ಒಂದೆರಡು ನಿಮಿಷ ಹೀಗೆ ಹಿಡಿದಿದ್ದರೆ ಗಾಳಿ ಹೊರಟುಹೋಗುತ್ತದೆ. ನಿಲ್ಲಿಸುವ ಗುಂಡಿಯನ್ನು ಒತ್ತಿದರೆ ಶುರುವಾಗುತ್ತದೆ ಎನ್ನುವುದನ್ನು ಅತ್ತೆಗೆ ವಿವರಿಸಲು ಹೋಗಬೇಡಿ.

ಅದೇ ಬಟನ್ನಿನ ದೀಪ ರೋಗವನ್ನೂ ಹೇಳುತ್ತದೆ. ಒಂದು ಸಲ ಮಿಣುಕಿದರೆ ಇಂಜಿನ್ ಬಿಸಿ ಅತಿಯಾಗಿದೆ, ಎರಡಾದರೆ ಆಯಿಲ್ ಪ್ರೆಷರ್ ಇಲ್ಲ, ನಾಲ್ಕಾದರೆ ಸೆಲ್ಫ್ ಹೊಡೆದು ಹೊಡೆದು ಸೋತಿದೆ. ಮೂರು ಮಿಣುಕಿದರೆ ಕಥೆ ಇನ್ನೂ ಇದೆ ಎಂದರ್ಥ: ಸ್ಟಾಪ್ ಒಂದು ಸಲ ಒತ್ತಿದರೆ ಎರಡಂಕಿಯ ಸಂಖ್ಯೆ ಬರುತ್ತದೆ, ಮೊದಲು ಹತ್ತರ ಸ್ಥಾನ, ಸ್ವಲ್ಪ ಬಿಟ್ಟು ಬಿಡಿ ಸ್ಥಾನ. ಮೂರು, ಆಮೇಲೆ ಆರು ಬಂದರೆ 36. ಯಾರೂ ಹೇಳದೆ ಇಂಜಿನ್ ತಾನಾಗಿ ನಿಂತಿತು ಎಂದು ಅದರ ತಾತ್ಪರ್ಯ. ಅದು ಪಕ್ಕದಲ್ಲಿ ನಿಂತವರಿಗೆಲ್ಲ ಗೊತ್ತಿತ್ತು. ಇರಲಿ, 36 ಬಂದರೆ ಮತ್ತೆ ಡೀಸೆಲ್ ದಾರಿಯನ್ನೇ ಹಿಡಿಯಿರಿ.

ಮಧ್ಯೆ ಒಬ್ಬ ಗೆಳೆಯ ಖಂಡಿತ ಬರುತ್ತಾನೆ, ಸಾಫ್ಟ್‌ವೇರ್‌ನವನು, "ಕಂಟ್ರೋಲ್ ಬೋರ್ಡ್ ಹೋಗಿದೆ ಕಣೋ, ಬದಲಿಸಿಬಿಡು" ಎನ್ನುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನೂರಾರು ಡಾಲರಿನ ಬೋರ್ಡ್ ಹಾಕಿಸಿದ ಮೇಲೂ ಅದೇ ಆಟ ನಡೆದಿರುತ್ತದೆ, ಯಾಕೆಂದರೆ ತಪ್ಪು ಇದ್ದದ್ದು ಚಾಸಿಸ್‌ಗೆ ಬಿಗಿದ ಅರ್ತ್ ವೈರಿನ ತುದಿಯಲ್ಲಿ. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಆ ಬೋಲ್ಟಿನ ಕೆಳಗೆ ಸೇರಿ ತುಕ್ಕು ಮಾಡಿರುತ್ತದೆ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಇಂಜಿನ್ನಿನ ಮೈಗೆ ಹಿಡಿದು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಕಳ್ಳ ಸಿಕ್ಕ. ಮೊದಲು ಬ್ಯಾಟರಿಯ ಮೈನಸ್ ಕಳಚಿ, ಬೋಲ್ಟ್ ಬಿಚ್ಚಿ, ಉಪ್ಪುಕಾಗದದಲ್ಲಿ ಲೋಹ ಹೊಳೆಯುವಷ್ಟು ತಿಕ್ಕಿ, ಬಿಗಿದು, ಮೇಲೆ ಗ್ರೀಸ್ ಬಳಿಯಿರಿ. ಖರ್ಚು ಒಂದು ಚೂರು ಉಪ್ಪುಕಾಗದ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯೇ 10 ವೋಲ್ಟಿಗಿಂತ ಕೆಳಗೆ ಕುಸಿದರೆ ಮಾತ್ರ ದೋಷ ಬ್ಯಾಟರಿಯದು. ಆಗ ಡ್ಯಾಶಿನ ಬೂಸ್ಟ್ ಸ್ವಿಚ್ ಒತ್ತಿದರೆ ಗಾಡಿ ಓಡಿಸುವ ಬ್ಯಾಟರಿ, ಗಾಡಿಯೊಳಗಿನ ಮನೆಯ ಬ್ಯಾಟರಿ ಎರಡೂ ಕೂಡಿಕೊಂಡು ಅವತ್ತಿನ ಮಾನ ಉಳಿಸುತ್ತವೆ.

ಬಿಳಿ ಹೊಗೆಯ ಗ್ಲೋ ಪ್ಲಗ್ ಪರೀಕ್ಷೆ ಸುಲಭ. ಮೇಲಿನ ವೈರು ಕಳಚಿ ಪ್ಲಗ್ಗಿನ ತುದಿಗೂ ಇಂಜಿನ್ ಮೈಗೂ ಓಮ್ ಅಳೆಯಿರಿ. ಒಂದು ಓಮ್ ಆಸುಪಾಸು ಇದ್ದರೆ ಬದುಕಿದೆ, ಏನೂ ತೋರಿಸದಿದ್ದರೆ ಸತ್ತಿದೆ. ಮೂರು ಸಿಲಿಂಡರಿನ ಮೂರು ಪ್ಲಗ್ಗುಗಳಲ್ಲಿ ಒಂದು ಸತ್ತರೆ ಮೂರನ್ನೂ ಬದಲಿಸುವುದೇ ಜಾಣತನ, ಉಳಿದೆರಡೂ ಅದೇ ವಯಸ್ಸಿನವು.

ಇಪ್ಪತ್ತು ನಿಮಿಷ ಓಡಿ ಬಿಸಿಯಾಗಿ ನಿಲ್ಲುವುದು ಇನ್ನೊಂದು ವರಸೆ. ಇಂಜಿನ್ ತಣಿಸುವ ಕೂಲಂಟ್ ಬಾಟಲಿಯಲ್ಲಿ ಇದೆಯೆಂದು ರೇಡಿಯೇಟರಿನಲ್ಲೂ ಇದೆಯೆಂದುಕೊಳ್ಳಬೇಡಿ. ತಣ್ಣಗಾದ ಮೇಲೆ, ಪೂರ್ತಿ ತಣ್ಣಗಾದ ಮೇಲೆ, ಮುಚ್ಚಳ ತೆಗೆದು ನೋಡಿ. ಬಿಸಿಯಲ್ಲಿ ತೆಗೆದವರ ಕೈ ಮೇಲಿನ ಕಲೆ ಹೇಳುವ ಕಥೆಯನ್ನು ಇಲ್ಲಿ ಬರೆಯುವುದು ಬೇಡ. ತುಂಬಿಸುವಾಗ ಎಥಿಲಿನ್ ಗ್ಲೈಕಾಲ್ ಅರ್ಧ, ಡಿಸ್ಟಿಲ್ಡ್ ನೀರು ಅರ್ಧ. ಕೂಲಂಟ್ ಸರಿಯಿದ್ದರೆ ರೇಡಿಯೇಟರಿನ ರೆಕ್ಕೆಗಳಲ್ಲಿ ಕೆಸರು, ಹುಳು, ಒಣಹುಲ್ಲು ಕಟ್ಟಿರುತ್ತದೆ. ಗಾಡಿ ನಿಂತಿದ್ದ ಆರು ತಿಂಗಳಲ್ಲಿ ಇಲಿ ಬಾಣಂತನವನ್ನೂ ಮುಗಿಸಿರಬಹುದು. ಕಣಜ ಮಣ್ಣಿನ ಗೂಡು ಕಟ್ಟುವುದಂತೂ ಹೊಗೆ ಕೊಳವೆಯ ಬಾಯಲ್ಲೇ. ರೆಕ್ಕೆಗಳನ್ನು ತೋಟದ ಪೈಪಿನ ನೀರಿನಲ್ಲಿ ಒಳಗಿನಿಂದ ಹೊರಕ್ಕೆ ತೊಳೆಯಿರಿ. ಕಾರು ತೊಳೆಯುವ ಜೋರು ಧಾರೆ ಹಿಡಿದರೆ ರೆಕ್ಕೆಗಳು ಹಪ್ಪಳದಂತೆ ಮಡಚಿಕೊಳ್ಳುತ್ತವೆ.

ಇಂಜಿನ್ ಓಡುತ್ತಿದೆ, ಒಳಗೆ ಮಾತ್ರ ಕತ್ತಲು ಎಂದಾದರೆ ಮೊದಲು ಮೂವತ್ತರವರೆಗೆ ಎಣಿಸಿ. ಜನರೇಟರ್ ಹದಕ್ಕೆ ಬಂದ ಮೇಲೆ ಟ್ರಾನ್ಸ್‌ಫರ್ ಸ್ವಿಚ್ ಇಪ್ಪತ್ತು ಮೂವತ್ತು ಸೆಕೆಂಡ್ ಕಾದೇ ಕರೆಂಟನ್ನು ಮನೆಗೆ ಬಿಡುತ್ತದೆ. ಆಮೇಲೂ ಬರದಿದ್ದರೆ ಜನರೇಟರಿನ ಮೈಮೇಲಿನ ಬ್ರೇಕರ್ ಬಿದ್ದಿದೆಯೇ ನೋಡಿ. ಅದನ್ನು ನೋಡದೆ ಚಾವಣಿ ಪ್ಯಾನೆಲ್ ಬಿಚ್ಚಿದವರು ಬಹಳ. ಬ್ರಷ್ ಇರುವ ಮಾದರಿಯಾದರೆ ಅದು ಉಜ್ಜುವ, ಕಿಲುಬು ಹಿಡಿದ ಉಂಗುರಗಳೂ ಕಾರಣವಾಗಬಹುದು. ಅಮ್ಮ ಸೂಟ್‌ಕೇಸಿನಲ್ಲಿ ತಂದ 230 ವೋಲ್ಟಿನ ಮಿಕ್ಸಿ ಇಲ್ಲಿಯ 120ಕ್ಕೆ ಗೊಣಗುತ್ತದೆಯೇ ಹೊರತು ಚಟ್ನಿ ಅರೆಯುವುದಿಲ್ಲ, ಅದು ಜನರೇಟರಿನ ದೋಷವಲ್ಲ.

ಎತ್ತರಕ್ಕೆ ಹೋದಂತೆ ಜನರೇಟರಿಗೂ ಏದುಸಿರು. ಸಾವಿರ ಅಡಿಗೆ ಸುಮಾರು ಶೇ. 3.5ರಷ್ಟು ಶಕ್ತಿ ಕಳೆಯಬೇಕು. ಕ್ಯಾಲಿಫೋರ್ನಿಯದ ಯೊಸೆಮಿಟಿ ಉದ್ಯಾನದ ಟಿಯೋಗಾ ಪಾಸ್ ಎಂಬ ಬೆಟ್ಟದ ದಾರಿ 9,900 ಅಡಿಗೂ ಮೇಲಿದೆ, ನಮ್ಮ ಮುಳ್ಳಯ್ಯನಗಿರಿಗಿಂತ ಮೂರೂವರೆ ಸಾವಿರ ಅಡಿ ಹೆಚ್ಚು. 8 ಕಿಲೋವಾಟಿನಲ್ಲಿ ಮೂರನೆಯ ಒಂದು ಪಾಲು ಅಲ್ಲಿ ಗಾಳಿಗೆ ಹೋಗುತ್ತದೆ. ಅಲ್ಲಿ ಒಟ್ಟಿಗೆ ಎರಡು ಎಸಿ, ಮೈಕ್ರೋವೇವ್, ಬಿಸಿನೀರು ಎಂದರೆ ಕಪ್ಪು ಹೊಗೆಯೇ ಉತ್ತರ.

ಆಯಿಲ್ 15ಡಬ್ಲ್ಯೂ-40, ಡೀಸೆಲ್ ಇಂಜಿನ್ನಿಗೆಂದೇ ಬರುವ ಸಿಕೆ-4 ದರ್ಜೆಯದು. ಅಳತೆ ಕಡ್ಡಿಯ ಗೆರೆ ದಾಟಿಸಬಾರದು. ಎಷ್ಟು ಗಂಟೆ ಓಡಿತೆಂದು ಎಣಿಸುವ ಅವರ್ ಮೀಟರ್ ನೋಡಿ ಬದಲಿಸಿ. ಗಂಟೆ ಆಗದಿದ್ದರೂ ವರ್ಷಕ್ಕೊಮ್ಮೆ ಬದಲಿಸಬೇಕು. ಹೊಗೆಯ ಜೊತೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಬರುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗುವ ಮುಂಚೆ ಅದನ್ನು ಪತ್ತೆಹಚ್ಚುವ ಅಲಾರ್ಮಿನ ಬಟನ್ ಒತ್ತಿ ನೋಡುವುದರಲ್ಲಿ ತಮಾಷೆ ಏನೂ ಇಲ್ಲ.

ಇಷ್ಟೆಲ್ಲ ಮಾಡಿ, ಹೋಸ್ ಬದಲಿಸಿ, ಏರ್ ತೆಗೆದು, ಅರ್ತ್ ತಿಕ್ಕಿ, ಯೊಸೆಮಿಟಿಯ ಕ್ಯಾಂಪಿನಲ್ಲಿ ಜನರೇಟರ್ ಕೊನೆಗೂ ಹದವಾಗಿ ಗುನುಗತೊಡಗುತ್ತದೆ. ಮಾವ ಎಸಿ ಕೆಳಗೆ ಕಾಲು ಚಾಚುತ್ತಾರೆ, ಅತ್ತೆ ಕುಕ್ಕರಿಗೆ ಅಕ್ಕಿ ಹಾಕುತ್ತಾರೆ. ಅಲ್ಲಿ ಜನರೇಟರ್ ಓಡಿಸಲು ಅನುಮತಿಯಿರುವುದು ಬೆಳಿಗ್ಗೆ 7ರಿಂದ 9, ಮಧ್ಯಾಹ್ನ 12ರಿಂದ 2, ಸಂಜೆ 5ರಿಂದ 7. ಗಡಿಯಾರ ನೋಡಿದರೆ ಏಳಕ್ಕೆ ಮೂರು ನಿಮಿಷ. ಎಸಿ ಆರಿಸಿ, ಕುಕ್ಕರ್ ಕಳಚಿ, ಲೋಡಿಲ್ಲದೆ ಆ ಮೂರು ನಿಮಿಷ ಓಡಲು ಬಿಡಬೇಕು. ಬಿಸಿ ಇಂಜಿನ್ನನ್ನು ಥಟ್ಟನೆ ನಿಲ್ಲಿಸಬಾರದು. ಅಷ್ಟು ಹೊತ್ತು ಅತ್ತೆಯ ಕಡೆ ನೋಡದಿದ್ದರೆ ಕ್ಷೇಮ.